ಥೈಲ್ಯಾಂಡಿನ ಬೀದಿ ಆಹಾರ

ಥೈಲ್ಯಾಂಡಿನ ಬೀದಿ ಆಹಾರವೆಂದರೆ ಆ ದೇಶದ ಪಾದಚಾರಿ ಮಾರ್ಗ, ಸಂತೆ, ಕಾಲುವೆಯ ದಂಡೆ ಹಾಗೂ ರಾತ್ರಿ ಮಾರುಕಟ್ಟೆಗಳಲ್ಲಿ ಗಿರಾಕಿಯ ಕಣ್ಣೆದುರೇ ಸಿದ್ಧಪಡಿಸಿ ಮಾರುವ ತಿಂಡಿ, ಊಟ ಮತ್ತು ಪಾನೀಯಗಳು. ಪ್ರವಾಸಿಗರಿಗೆ ಇದು ಆಕರ್ಷಣೆಯಾದರೂ ಮೂಲತಃ ಸ್ಥಳೀಯರ ದಿನನಿತ್ಯದ ಊಟ. ಬ್ಯಾಂಕಾಕಿನ ಅನೇಕ ಬಾಡಿಗೆ ಕೊಠಡಿಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ. ಕಾರ್ಮಿಕರೂ ವಿದ್ಯಾರ್ಥಿಗಳೂ ಬೆಳಗಿನ ಗಂಜಿಯಿಂದ ರಾತ್ರಿಯ ನೂಡಲ್ಸ್‌ವರೆಗೆ ಬೀದಿಯನ್ನೇ ನೆಚ್ಚಿರುತ್ತಾರೆ. ಎದುರಾದವರನ್ನು ‘ಕಿನ್ ಖಾವ್ ರೂ ಯಾಂಗ್’ (ಅನ್ನ ಉಂಡಿರಾ?) ಎಂದು ವಿಚಾರಿಸುವ ಅಲ್ಲಿನ ರೂಢಿ ಕನ್ನಡಿಗರ ‘ಊಟ ಆಯಿತೇ?’ ಎಂಬ ಕುಶಲಪ್ರಶ್ನೆಯನ್ನು ನೆನಪಿಗೆ ತರುತ್ತದೆ.

ಹಿನ್ನೆಲೆ

ನಗರಗಳ ಬೀದಿ ಊಟವನ್ನು ಬೆಳೆಸಿದವರಲ್ಲಿ ಚೀನಾದಿಂದ ಬಂದು ನೆಲೆಸಿದ ತಿಯೊಚಿಯು ಜನರು ಪ್ರಮುಖರು. ನೂಡಲ್ಸ್ ಅವರ ಕೊಡುಗೆ. ರಾಷ್ಟ್ರೀಯ ಖಾದ್ಯವೆನಿಸಿದ ‘ಪಾಡ್ ಥಾಯ್’ ಸಹ ಪ್ರಾಚೀನವಲ್ಲ. ಪ್ರಧಾನಿ ಪ್ಲೇಕ್ ಫಿಬುನ್‌ಸೊಂಗ್‌ಖ್ರಾಮ್ ಅವರ ಮೊದಲ ಆಡಳಿತಾವಧಿಯಲ್ಲಿ (1938–44) ರಾಷ್ಟ್ರೀಯತೆಯ ಅಂಗವಾಗಿ ಅದಕ್ಕೆ ಪ್ರಚಾರ ದೊರೆಯಿತು. ಬಾಳೆಹಣ್ಣು ತುಂಬಿ ಕಾಯಿಸುವ ‘ರೋಟಿ’ ಭಾರತೀಯ ಮೂಲದ್ದು. ಥಾಯ್ ಅಡುಗೆಯಿಂದ ಬೇರ್ಪಡಿಸಲಾಗದ ಮೆಣಸಿನಕಾಯಿಯ ತವರು, ನಮ್ಮದರಂತೆಯೇ, ಅಮೆರಿಕ ಖಂಡ.

ಮಾರುಕಟ್ಟೆಗಳು

ಇಲ್ಲಿನ ಮಾರುಕಟ್ಟೆಯಲ್ಲಿ ಅಲೆಯುವುದೇ ಒಂದು ಊಟದ ಕ್ರಮ. ಒಂದೆಡೆ ಕುಳಿತು ಹೊಟ್ಟೆ ತುಂಬಿಸಿಕೊಳ್ಳುವ ಬದಲು, ಗಾಡಿಯಿಂದ ಗಾಡಿಗೆ ನಡೆಯುತ್ತ ಸ್ವಲ್ಪಸ್ವಲ್ಪವೇ ಸವಿಯಲಾಗುತ್ತದೆ. ಒಬ್ಬ ವ್ಯಾಪಾರಿ ಸಾಮಾನ್ಯವಾಗಿ ಒಂದೆರಡು ಪದಾರ್ಥಗಳನ್ನಷ್ಟೇ ಮಾಡುವುದರಿಂದ ಕೈ ಪಳಗಿರುತ್ತದೆ. ಒರಳಿನಲ್ಲಿ ಮರದ ಒನಕೆಯಿಂದ ಎಳೆ ಪರಂಗಿಕಾಯಿ, ಮೆಣಸಿನಕಾಯಿ, ನಿಂಬೆರಸ, ಕಡಲೆಕಾಯಿಗಳನ್ನು ಜಜ್ಜಿ ಮಾಡುವ ‘ಸೋಮ್ ತಾಮ್’ ಈಶಾನ್ಯದ ಇಸಾನ್ ಪ್ರಾಂತದ ಪ್ರಸಿದ್ಧ ತಿನಿಸು. ಕುಟ್ಟುವ ಸದ್ದಿನಿಂದಲೇ ಆ ಗಾಡಿಯನ್ನು ಗುರುತಿಸಬಹುದು. ಅಕ್ಕಿಹಿಟ್ಟು, ತೆಂಗಿನ ಹಾಲಿನ ಹಿಟ್ಟನ್ನು ಗುಳಿಗಳುಳ್ಳ ಕಾವಲಿಯಲ್ಲಿ ಬೇಯಿಸುವ ‘ಖನೊಮ್ ಕ್ರೊಕ್’ ಕಂಡರೆ ಕನ್ನಡಿಗರಿಗೆ ಪಡ್ಡು ನೆನಪಾಗದಿರದು, ಆದರೆ ರುಚಿ ಸಿಹಿ. ಬೇಸಗೆಯಲ್ಲಿ ಅಂಟಕ್ಕಿ ಅನ್ನಕ್ಕೆ ತೆಂಗಿನ ಹಾಲು ಸುರಿದು ಮಾವಿನ ಹೋಳುಗಳೊಂದಿಗೆ ಕೊಡುತ್ತಾರೆ.

ಸಮುತ್ ಸೊಂಗ್‌ಖ್ರಾಮ್ ಪ್ರಾಂತದ ಮೇಕ್ಲಾಂಗ್ ಸಂತೆ ರೈಲುಹಳಿಯ ಮೇಲೆಯೇ ನೆರೆಯುತ್ತದೆ. ಗಾಡಿ ಬರುವಾಗ ವ್ಯಾಪಾರಿಗಳು ನೆರಳಿನ ಬಟ್ಟೆಗಳನ್ನು ಮಡಚಿ, ಅದು ಸಾಗಿದೊಡನೆ ಮತ್ತೆ ಬಿಚ್ಚುತ್ತಾರೆ. ರಾಚಬುರಿ ಪ್ರಾಂತದ ದಮ್ನೊನ್ ಸದುವಾಕ್ ತೇಲುವ ಮಾರುಕಟ್ಟೆ, ರಾಜ ಮೊಂಗ್‌ಕುಟ್ ಕಾಲದಲ್ಲಿ ತೋಡಿಸಿದ ಕಾಲುವೆಯಲ್ಲಿದೆ. ಇಂದು ಅದು ಬಹುಮಟ್ಟಿಗೆ ಪ್ರವಾಸಿಗರದ್ದೇ. ಬ್ಯಾಂಕಾಕಿನಲ್ಲಿ ಚೀನೀ ಬಡಾವಣೆಯಾದ ಯಾವೊವರಾತ್ ಸಂಜೆಯ ನಂತರ ಕಳೆಗಟ್ಟುತ್ತದೆ.

ಸಸ್ಯಾಹಾರಿಗಳು

ಕಣ್ಣಿಗೆ ಬರಿಯ ತರಕಾರಿಯಂತೆ ಕಾಣುವ ಖಾದ್ಯದಲ್ಲಿಯೂ ಮೀನಿನ ರಸ (‘ನಾಮ್ ಪ್ಲಾ’) ಅಥವಾ ಸೀಗಡಿಯ ಹಿಂಡಿ ಬೆರೆತಿರುವುದು ಸಾಮಾನ್ಯ. ‘17’ ಎಂಬಂತೆ ತೋರುವ ಕೆಂಪಕ್ಷರದ ಹಳದಿ ಬಾವುಟವು ‘ಜೇ’ ಆಹಾರದ ಗುರುತು. ಇದರಲ್ಲಿ ಮಾಂಸ, ಮೀನು, ಮೊಟ್ಟೆಗಳಿಲ್ಲ. ಬೆಳ್ಳುಳ್ಳಿ, ಈರುಳ್ಳಿಗಳೂ ವರ್ಜ್ಯ.

ಪಾದಚಾರಿ ಮಾರ್ಗದ ವಿವಾದ

2014ರ ಸೇನಾ ಕ್ರಾಂತಿಯ ಬಳಿಕ ಬ್ಯಾಂಕಾಕ್ ನಗರಾಡಳಿತವು ಪಾದಚಾರಿಗಳ ಅನುಕೂಲ ಮತ್ತು ಸ್ವಚ್ಛತೆಯ ಕಾರಣ ನೀಡಿ ವ್ಯಾಪಾರಿಗಳನ್ನು ಹಲವು ರಸ್ತೆಗಳಿಂದ ತೆರವುಗೊಳಿಸಿತು. ಮಾರ್ಗದ ಇಕ್ಕಟ್ಟು ನಿಜವೇ ಆದರೂ, ಅಗ್ಗದ ಊಟವನ್ನು ನಂಬಿದ ಬಡವರಿಗೆ ಇದು ಪೆಟ್ಟು; ವ್ಯಾಪಾರಿಗಳಲ್ಲಿ ಹೆಚ್ಚಿನವರು ಮಹಿಳೆಯರು. 2017ರ ಏಪ್ರಿಲ್‌ನಲ್ಲಿ ಎಲ್ಲೆಡೆ ನಿಷೇಧವೆಂಬ ಸುದ್ದಿಗೆ ತೀವ್ರ ಟೀಕೆ ಬಂದಾಗ, ಯಾವೊವರಾತ್ ಮತ್ತು ಖಾವೊ ಸಾನ್ ರಸ್ತೆಗಳಲ್ಲಿ ವ್ಯಾಪಾರ ಮುಂದುವರಿಯುವುದೆಂದು ಆಡಳಿತ ಸ್ಪಷ್ಟಪಡಿಸಿತು. ಎರಡೂ ಪ್ರವಾಸಿಗರು ಸೇರುವ ತಾಣಗಳೆಂಬುದು ಗಮನಾರ್ಹ. ಅದೇ ಡಿಸೆಂಬರಿನಲ್ಲಿ ಹೊರಬಂದ ಬ್ಯಾಂಕಾಕಿನ ಮೊದಲ ಮಿಶೆಲಿನ್ ಮಾರ್ಗದರ್ಶಿಯು ಇದ್ದಿಲ ಒಲೆಯಲ್ಲಿ ಏಡಿಯ ಆಮ್ಲೆಟ್ ಮಾಡುವ ‘ಜೇ ಫೈ’ ಅಂಗಡಿಗೆ ಒಂದು ನಕ್ಷತ್ರ ನೀಡಿತು. ಅದು ಸೂರುಳ್ಳ ಅಂಗಡಿ. ಅಲ್ಲಿನ ಬೆಲೆ ಗಾಡಿಯ ಬೆಲೆಗಿಂತ ಹಲವು ಪಟ್ಟು ಹೆಚ್ಚು.