ಹೊಳೆಗೆ ಹೆಸರಿಟ್ಟವರು ಯಾರು?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ಒಂದು ಪುಟ್ಟ ಹೊಳೆ ಹರಿಯುತ್ತದೆ. ಅದರ ಬಳಿ ನೂರಾರು ವರ್ಷಗಳ ಹೆಮ್ಮರ ದೊಡ್ಡಸಂಪಿಗೆ. ಹೊಳೆಯ ಹೆಸರು ಭಾರ್ಗವಿ. ಬೆಟ್ಟದ ತುಂಬ ಸೋಲಿಗರು ಬದುಕಿರುವಾಗ, ನೀರಿಗೆ ಈ ಸಂಸ್ಕೃತದ ಹೆಸರು ಎಲ್ಲಿಂದ ಬಂತು ಅಂತ ನಾವು ಕೇಳಲೇಬೇಕು.

ಭಾರ್ಗವಿ ಅಂದರೆ ಭೃಗು ವಂಶದವಳು. ಅಪ್ಪನ ಮಾತಿಗೆ ಹೆತ್ತ ತಾಯಿ ರೇಣುಕೆಯ ತಲೆ ಕಡಿದ ಪರಶುರಾಮನೂ ಅದೇ ವಂಶದವನು. ಸ್ಥಳಪುರಾಣ ಹೊಳೆಯನ್ನು ತಂದು ಅವನಿಗೆ ಗಂಟು ಹಾಕಿತು. ತಲೆ ಕಡಿಸಿಕೊಂಡ ಆ ತಾಯಿಯನ್ನು ಎಲ್ಲಮ್ಮ ಅಂತ ತಲೆ ಮೇಲೆ ಹೊತ್ತವರು ನಮ್ಮ ಕೇರಿಯ ಹೆಂಗಸರು. ಹೊಳೆಗೆ ಮಾತ್ರ ಕೊಡಲಿ ಹಿಡಿದವನ ಕುಲದ ಹೆಸರು! ಪುರೋಹಿತಶಾಹಿ ನೀರಿಗೂ ಗೋತ್ರ ಹಚ್ಚಿತು.

ಸೋಲಿಗರು ಕಾಡನ್ನು ಓದುವ ರೀತಿಯೇ ಬೇರೆ. ಅವರಲ್ಲಿ ಕುಲಕ್ಕೊಂದು ಯಲ್ಲೆ ಇದೆ. ಯಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಐದು ಬಗೆಯ ತಾವುಗಳು. ಕಲ್ಲುಗುಡಿ ಸತ್ತ ಹಿರಿಯರ ತಾವು. ಅಬ್ಬಿ ನೀರಿನ ತಾವು. ಹಿರಿಯರನ್ನೂ ನೀರನ್ನೂ ಒಂದೇ ಲೆಕ್ಕದಲ್ಲಿ ಇಟ್ಟವರು ಇವರು. ಬೆಟ್ಟದ ಮೇಲಿನ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಅಂತ ಹಾಡಿ, ಅವನನ್ನೂ ಭಾವ ಅಂತಲೇ ಕರೆಯುತ್ತಾರೆ.

1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಕಾಡಿನಲ್ಲಿ ತಾವು ಬದಲಿಸಿ ರಾಗಿ ಬಿತ್ತುತ್ತಿದ್ದವರನ್ನು ಪೋಡುಗಳಲ್ಲಿ ಒಂದೆಡೆ ಕೂರಿಸಿದರು. ಅಬ್ಬಿಗೆ ಹೋಗುವ ದಾರಿಗೂ ಅಪ್ಪಣೆ ಬೇಕಾಯಿತು. ಹೋಗಿ ಬರದ ತಾವಿನ ಹೆಸರು ಮಕ್ಕಳ ಬಾಯಿಗೆ ಹೇಗೆ ಬರಬೇಕು?

ಆದರೆ ಹಿರಿಯರು ಮರೆಯಲಿಲ್ಲ. ಸೋಲಿಗರು ಸಂಶೋಧಕರ ಜೊತೆ ಕಾಡು ಸುತ್ತಿ ಇಂಥ ನೂರಾರು ತಾವುಗಳನ್ನು ನಕ್ಷೆಗೆ ಏರಿಸಿದರು. ಇದು ಬರಿ ನೆನಪಿನ ಕೆಲಸ ಅಲ್ಲ. 2006ರ ಅರಣ್ಯಹಕ್ಕು ಕಾಯಿದೆಯ ನಿಯಮಗಳು ಹಿರಿಯರ ಬಾಯಿಮಾತನ್ನು ಬರೆದುಕೊಂಡರೆ ಅದನ್ನು ಸಾಕ್ಷಿ ಅಂತ ಒಪ್ಪುತ್ತವೆ. ಪವಿತ್ರ ಮರ, ಹೊಳೆಯ ದಡ, ಹೂಳುವ ಜಾಗ ಇವೂ ಸಾಕ್ಷಿಗಳೇ. 2011ರ ಜನವರಿಯಲ್ಲಿ ಈ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶ ಅಂತ ಸಾರಿದರು. ಅದೇ ವರ್ಷ ಇಲ್ಲಿನ ಪೋಡುಗಳು ಸಮುದಾಯ ಅರಣ್ಯಹಕ್ಕಿನ ಪತ್ರಗಳನ್ನೂ ಪಡೆದವು. ಹುಲಿ ಕಾಡಿನಲ್ಲಿ ಇಂಥ ಹಕ್ಕು ದಕ್ಕಿದ್ದು ಸಣ್ಣ ಮಾತಲ್ಲ.

ಯಾರ ಹೆಸರು ಕಾಗದದಲ್ಲಿ ಉಳಿಯುತ್ತದೋ ಅವರ ಚರಿತ್ರೆ ನಿಲ್ಲುತ್ತದೆ. ಆದ್ದರಿಂದ ಹಳ್ಳಿ ಮೇಷ್ಟರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಾವು ಹೇಳುವುದಿಷ್ಟೆ. ನಿಮ್ಮೂರಿನ ಹಳ್ಳ, ಅಬ್ಬಿ, ಕಟ್ಟೆಗಳ ಹೆಸರನ್ನು ಮುದುಕರಿಂದ, ಮುದುಕಿಯರಿಂದ ಕೇಳಿ ಬರೆದುಕೊಳ್ಳಿ. ಯಾರು ಹೇಳಿದರು, ಆ ನೀರನ್ನು ಯಾರು ಮುಟ್ಟಬಹುದಿತ್ತು, ಯಾರು ಮುಟ್ಟಬಾರದಿತ್ತು ಅನ್ನೋದನ್ನೂ ಬಿಡದೆ ಬರೆಯಿರಿ. ನಾಳೆ ಪುರಾಣ ಹಿಡಿದು ಬಂದವರ ಮುಂದೆ ಇಡಲಿಕ್ಕೆ ಆ ಪುಸ್ತಕ ಬೇಕಾಗುತ್ತದೆ.