ಪುಲಕೇಶಿ (ವ್ಯಕ್ತಿನಾಮ)

ಪುಲಕೇಶಿ ಎಂಬುದು ಕರ್ನಾಟಕದ ಇತಿಹಾಸದಲ್ಲಿ ಸುಪ್ರಸಿದ್ಧವಾಗಿರುವ, ಆದರೆ ವ್ಯಕ್ತಿನಾಮವಾಗಿ ವಿರಳವಾಗಿ ಬಳಕೆಯಲ್ಲಿರುವ ಒಂದು ಪುರುಷನಾಮ. ಆರನೆಯ ಶತಮಾನದಿಂದ ಎಂಟನೆಯ ಶತಮಾನದ ನಡುವೆ ಬಾದಾಮಿಯ ಚಾಲುಕ್ಯ ಮನೆತನದ ಮೂವರು ಈ ಹೆಸರಿನಿಂದ ಖ್ಯಾತರಾದರು. ಅವರಲ್ಲಿ ಉತ್ತರಾಪಥದ ಹರ್ಷವರ್ಧನನನ್ನು ನರ್ಮದೆಯ ತೀರದಲ್ಲಿ ತಡೆದ ಇಮ್ಮಡಿ ಪುಲಕೇಶಿ ಅತ್ಯಂತ ಪ್ರಸಿದ್ಧನು. ಆ ಬಳಿಕ ರಾಜಮನೆತನದ ಬಳಕೆಯಿಂದ ಮರೆಯಾದ ಈ ಹೆಸರು, ಹತ್ತೊಂಬತ್ತನೆಯ ಶತಮಾನದಲ್ಲಿ ಶಾಸನಗಳ ಅಧ್ಯಯನದ ಮೂಲಕ ಮತ್ತೆ ಬೆಳಕಿಗೆ ಬಂದು ಜನರ ನಾಲಗೆಗೆ ಮರಳಿತು.

ರೂಪಗಳು

ಚಾಲುಕ್ಯರ ದಾಖಲೆಗಳಲ್ಲಿ ಈ ಹೆಸರು 'ಪುಲಕೇಶಿನ್' ಮತ್ತು 'ಪೊಲೆಕೇಶಿನ್' ಎಂಬ ಎರಡು ರೂಪಗಳಲ್ಲಿ ಕಂಡುಬರುತ್ತದೆ. ಸಂಸ್ಕೃತದ 'ಯೋಗಿನ್' ಕನ್ನಡದಲ್ಲಿ 'ಯೋಗಿ' ಎಂದೂ 'ಹಸ್ತಿನ್' ಎಂಬುದು 'ಹಸ್ತಿ' ಎಂದೂ ಆಗುವಂತೆ, 'ಪುಲಕೇಶಿನ್' ಎಂಬುದು ಕನ್ನಡದಲ್ಲಿ 'ಪುಲಕೇಶಿ' ಎಂದು ಇಕಾರಾಂತವಾಗಿ ನಿಲ್ಲುತ್ತದೆ. ಇಂಗ್ಲಿಷಿನ ಇತಿಹಾಸಗ್ರಂಥಗಳಲ್ಲಿ ಕೊನೆಯ ನಕಾರವನ್ನು ಉಳಿಸಿಕೊಂಡ ಮೂಲರೂಪವೇ ಹೆಚ್ಚಾಗಿ ಕಾಣುವುದರಿಂದ ಎರಡೂ ಬೇರೆ ಬೇರೆ ಹೆಸರುಗಳೆಂದು ಕೆಲವರು ತಿಳಿಯುವುದುಂಟು. ವಾಸ್ತವವಾಗಿ ಅವು ಒಂದೇ.

ಕನ್ನಡದಲ್ಲಿ 'ಪುಲಕೇಶಿ'ಯ ಜೊತೆಗೆ 'ಪುಲಿಕೇಶಿ' ಎಂಬ ಬರವಣಿಗೆಯೂ ರೂಢಿಯಲ್ಲಿದೆ. ತಮಿಳಿನಲ್ಲಿ 'ಪುಲಿಕೇಸಿ' ಎಂಬ ರೂಪ ಪ್ರಚಲಿತವಾಗಿದೆ. ಏಳನೆಯ ಶತಮಾನದಲ್ಲಿ ದಖ್ಖನ್ನಿಗೆ ಭೇಟಿ ನೀಡಿದ ಚೀನಾದ ಬೌದ್ಧಯಾತ್ರಿಕ ಹ್ಯುಯೆನ್ ತ್ಸಾಂಗನು ಅಲ್ಲಿನ ಅರಸನ ಹೆಸರನ್ನು 'ಪು-ಲೊ-ಕಿ-ಷೆ' ಎಂದು ತನ್ನ ಭಾಷೆಯ ಧ್ವನಿಗೆ ಹೊಂದಿಸಿ ಬರೆದಿದ್ದಾನೆ.

ವ್ಯುತ್ಪತ್ತಿ ಮತ್ತು ಅರ್ಥ

ಹೆಸರಿನ ಉತ್ತರಾರ್ಧದ ಬಗ್ಗೆ ಭಿನ್ನಾಭಿಪ್ರಾಯ ಕಡಿಮೆ. 'ಕೇಶ' ಎಂದರೆ ಕೂದಲು; 'ಕೇಶಿನ್' ಎಂದರೆ ಕೂದಲುಳ್ಳವನು ಅಥವಾ ಕೇಸರವುಳ್ಳದ್ದು. ಕೇಸರದ ಕಾರಣದಿಂದ ಸಂಸ್ಕೃತದಲ್ಲಿ ಈ ಪದವು ಸಿಂಹಕ್ಕೂ ಸಲ್ಲುತ್ತದೆ. ವಿದ್ವಾಂಸರ ಚರ್ಚೆ ಇರುವುದು ಪೂರ್ವಾರ್ಧದ ಬಗ್ಗೆ. ಮುಖ್ಯವಾಗಿ ಎರಡು ಅಭಿಪ್ರಾಯಗಳಿವೆ.

ಜೆ. ಎಫ್. ಫ್ಲೀಟ್ ಮತ್ತು ಡಿ. ಸಿ. ಸರ್ಕಾರ್ ಅವರ ಅಭಿಪ್ರಾಯದಲ್ಲಿ ಇದು ಕನ್ನಡ ಮತ್ತು ಸಂಸ್ಕೃತ ಪದಗಳು ಕೂಡಿದ ಮಿಶ್ರನಾಮ. ಹಳಗನ್ನಡದಲ್ಲಿ ಹುಲಿಗೆ 'ಪುಲಿ' ಎಂದು ಹೆಸರು. ಅದರಂತೆ 'ಹುಲಿಯ ಕೂದಲಿನಂಥ ಕೂದಲುಳ್ಳವನು' ಎಂಬ ಅರ್ಥ ದೊರೆಯುತ್ತದೆ.

ಕೆ. ಎ. ನೀಲಕಂಠ ಶಾಸ್ತ್ರಿಗಳು ಇಡೀ ಹೆಸರನ್ನು ಸಂಸ್ಕೃತದಿಂದಲೇ ಬಿಡಿಸುತ್ತಾರೆ. 'ಪುಲ' ಎಂದರೆ ದೊಡ್ಡದು, 'ಕೇಶಿನ್' ಎಂದರೆ ಸಿಂಹ. ಆದ್ದರಿಂದ 'ಮಹಾಸಿಂಹ' ಎಂಬುದು ಅವರು ನೀಡುವ ಅರ್ಥ.

ಇವುಗಳಲ್ಲದೆ, 'ಪುಲಕ' ಎಂಬ ಸಂಸ್ಕೃತ ಪದವು ರೋಮಾಂಚವನ್ನು ಸೂಚಿಸುವುದರಿಂದ ಓದುಗರಿಗೆ 'ಪುಲಕಿತ' ಮುಂತಾದ ಪದಗಳ ನೆನಪಾಗುವುದು ಸಹಜ. ಹೆಸರು ಮೊದಲು ಕನ್ನಡದ್ದೇ ಆಗಿದ್ದು ಬಳಿಕ ಸಂಸ್ಕೃತದ ಅಚ್ಚಿಗೆ ಬಂದಿತೆ, ಇಲ್ಲವೆ ಮೊದಲಿನಿಂದಲೂ ಸಂಸ್ಕೃತದ್ದೇ ಎಂಬ ಪ್ರಶ್ನೆಯೇ ಈ ಎಲ್ಲ ಚರ್ಚೆಯ ತಿರುಳು. ಹುಲಿಯೇ ಇರಲಿ, ಸಿಂಹವೇ ಇರಲಿ, ಎರಡೂ ಅರ್ಥಗಳು ಪರಾಕ್ರಮವನ್ನು ಸೂಚಿಸುವ ಮೃಗಗಳತ್ತ ಬೆರಳು ತೋರಿಸುತ್ತವೆ. ಪಂಪನಿಗೆ ಆಶ್ರಯ ನೀಡಿದ ವೇಮುಲವಾಡದ ಚಾಲುಕ್ಯ ಅರಸ 'ಅರಿಕೇಸರಿ'ಯ ಹೆಸರೂ ಇದೇ ಬಗೆಯದು.

ಕನ್ನಡದಲ್ಲಿ ಹತ್ತನೆಯ ಶತಮಾನದ ಸುಮಾರಿಗೆ ತೋರಲಾರಂಭಿಸಿ ಮುಂದೆ ವ್ಯಾಪಕವಾದ ಒಂದು ಧ್ವನಿಬದಲಾವಣೆಯನ್ನೂ ಇಲ್ಲಿ ಗಮನಿಸಬಹುದು. ಪದಾದಿಯ ಪಕಾರವು ಹಕಾರವಾಗಿ, 'ಪಾಲ್' ಎಂಬುದು 'ಹಾಲು' ಎಂದೂ 'ಪೂ' ಎಂಬುದು 'ಹೂ' ಎಂದೂ 'ಪುಲಿ' ಎಂಬುದು 'ಹುಲಿ' ಎಂದೂ ಆದವು. ಹೆಸರಿನ ಪೂರ್ವಾರ್ಧ ಕನ್ನಡದ್ದೇ ಆಗಿದ್ದು, ಆಡುಮಾತಿನಲ್ಲಿ ಅವಿಚ್ಛಿನ್ನವಾಗಿ ಉಳಿದಿದ್ದರೆ ಇಂದು 'ಹುಲಿಕೇಶಿ' ಎಂಬ ರೂಪವನ್ನು ನಿರೀಕ್ಷಿಸಬಹುದಿತ್ತು. ಸಂಸ್ಕೃತಪದಗಳಲ್ಲಿ ಈ ಬದಲಾವಣೆ ಸಾಮಾನ್ಯವಾಗಿ ಆಗುವುದಿಲ್ಲವಾದ್ದರಿಂದ ಇದೊಂದೇ ಸಾಕ್ಷ್ಯದಿಂದ ನಿರ್ಣಯಕ್ಕೆ ಬರಲಾಗದು. ಆದರೂ ಇಂದಿನ ಕನ್ನಡಿಗರ ಕಿವಿಗೆ ಈ ಹೆಸರಿನಲ್ಲಿ ಹುಲಿ ನೇರವಾಗಿ ಕೇಳಿಸದಿರುವುದಕ್ಕೆ ಈ ಧ್ವನಿಬದಲಾವಣೆಯೇ ಕಾರಣ. 'ಪುಲಿ' ಎಂಬ ಪದ ಇಂದಿಗೂ ದಿನಬಳಕೆಯಲ್ಲಿರುವ ತಮಿಳಿನಲ್ಲಿ ಅದು ಥಟ್ಟನೆ ಕೇಳಿಸುತ್ತದೆ.

ಈ ಹೆಸರನ್ನು ಹೊಂದಿದ್ದ ಐತಿಹಾಸಿಕ ವ್ಯಕ್ತಿಗಳು

ಒಂದನೆಯ ಪುಲಕೇಶಿ (ಆಳ್ವಿಕೆ ಸುಮಾರು ಕ್ರಿ.ಶ. 540–567): ರಣರಾಗನ ಮಗ, ಜಯಸಿಂಹನ ಮೊಮ್ಮಗ. ವಾತಾಪಿ ಎಂದರೆ ಇಂದಿನ ಬಾದಾಮಿಯಲ್ಲಿ ಕೋಟೆಯನ್ನು ಕಟ್ಟಿಸಿ ಸ್ವತಂತ್ರ ರಾಜ್ಯಕ್ಕೆ ಅಡಿಪಾಯ ಹಾಕಿದನು. ಅಶ್ವಮೇಧ ಯಾಗವನ್ನು ಮಾಡಿದನು. ಕೋಟೆಯ ನಿರ್ಮಾಣವನ್ನು ತಿಳಿಸುವ ಶಕವರ್ಷ 465ರ (ಕ್ರಿ.ಶ. 543) ಬಾದಾಮಿ ಬಂಡೆಗಲ್ಲಿನ ಶಾಸನದಲ್ಲಿ ಅವನನ್ನು ಹೆಸರಿನಿಂದಲ್ಲದೆ 'ಚಲಿಕ್ಯ ವಲ್ಲಭೇಶ್ವರ' ಎಂಬ ಬಿರುದಿನಿಂದ ಕರೆಯಲಾಗಿದೆ.

ಇಮ್ಮಡಿ ಪುಲಕೇಶಿ (ಆಳ್ವಿಕೆ ಸುಮಾರು ಕ್ರಿ.ಶ. 610–642): ಒಂದನೆಯ ಕೀರ್ತಿವರ್ಮನ ಮಗ, ಒಂದನೆಯ ಪುಲಕೇಶಿಯ ಮೊಮ್ಮಗ. ಚಿಕ್ಕಪ್ಪ ಮಂಗಳೇಶನೊಂದಿಗೆ ಹೋರಾಡಿ ಪಟ್ಟವನ್ನು ಪಡೆದನು. ಇಂದಿನ ಆಂಧ್ರಪ್ರದೇಶದಲ್ಲಿರುವ ಪೆದ್ದವಡುಗೂರಿನ ಶಾಸನವನ್ನು ಆಧರಿಸಿ, ಪಟ್ಟಕ್ಕೆ ಬರುವ ಮೊದಲು ಅವನಿಗೆ 'ಎರೆಯ' ಎಂಬ ಹೆಸರಿತ್ತೆಂದು ವಿದ್ವಾಂಸರು ಭಾವಿಸುತ್ತಾರೆ. ಹಾಗಿದ್ದಲ್ಲಿ 'ಪುಲಕೇಶಿ' ಎಂಬುದು ಅವನು ಅಜ್ಜನಿಂದ ಪಡೆದುಕೊಂಡ ಪಟ್ಟದ ಹೆಸರಾಗುತ್ತದೆ.

ಅವನಿಜನಾಶ್ರಯ ಪುಲಕೇಶಿ (ಎಂಟನೆಯ ಶತಮಾನ): ಇಮ್ಮಡಿ ಪುಲಕೇಶಿಯ ಮಗ ಧರಾಶ್ರಯ ಜಯಸಿಂಹನ ಮಗ. ದಕ್ಷಿಣ ಗುಜರಾತಿನ ನವಸಾರಿಯನ್ನು ಕೇಂದ್ರವಾಗಿಸಿಕೊಂಡು ಆಳಿದನು. ಸಿಂಧ್ ಕಡೆಯಿಂದ ಬಂದ ಅರಬ್ಬರ ಸೈನ್ಯವನ್ನು ಸೋಲಿಸಿದ ಸಂಗತಿಯನ್ನು ಕ್ರಿ.ಶ. 739ರ ನವಸಾರಿ ತಾಮ್ರಪಟ ತಿಳಿಸುತ್ತದೆ. ಈ ಗೆಲುವಿಗಾಗಿ ಚಕ್ರವರ್ತಿಯು ಅವನಿಗೆ ಬಿರುದುಗಳನ್ನು ನೀಡಿ ಗೌರವಿಸಿದನು.

ಅಜ್ಜನಿಂದ ಮೊಮ್ಮಗನಿಗೆ

ಮೇಲಿನ ಮೂವರ ಸಂಬಂಧವನ್ನು ಗಮನಿಸಿದರೆ ಹೆಸರು ಸಾಗಿಬಂದ ದಾರಿ ಸ್ಪಷ್ಟವಾಗುತ್ತದೆ. ಒಂದನೆಯ ಪುಲಕೇಶಿಯ ಮೊಮ್ಮಗ ಇಮ್ಮಡಿ ಪುಲಕೇಶಿ. ಇಮ್ಮಡಿ ಪುಲಕೇಶಿಯ ಮೊಮ್ಮಗ ಅವನಿಜನಾಶ್ರಯ ಪುಲಕೇಶಿ. ಎರಡು ಬಾರಿಯೂ ಹೆಸರು ಒಂದು ತಲೆಮಾರನ್ನು ದಾಟಿ ಅಜ್ಜನಿಂದ ಮೊಮ್ಮಗನಿಗೆ ಬಂದಿದೆ. ಪ್ರಾಚೀನ ಭಾರತದ ರಾಜವಂಶಗಳಲ್ಲಿ ಈ ಪದ್ಧತಿ ಅಪರೂಪವಲ್ಲ. ಗುಪ್ತವಂಶದಲ್ಲಿ ಒಂದನೆಯ ಚಂದ್ರಗುಪ್ತನ ಹೆಸರು ಸಮುದ್ರಗುಪ್ತನ ಮಗನಾದ ಎರಡನೆಯ ಚಂದ್ರಗುಪ್ತನಿಗೆ ಬಂದದ್ದೂ ಹೀಗೆಯೇ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಕರ್ನಾಟಕದ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ.

ಈ ಸರಣಿ ಮುಂದೆ ಬೆಳೆಯಲಿಲ್ಲ. ಕ್ರಿ.ಶ. 642ರ ಸುಮಾರಿಗೆ ಪಲ್ಲವ ಅರಸ ಒಂದನೆಯ ನರಸಿಂಹವರ್ಮನು ವಾತಾಪಿಯನ್ನು ವಶಪಡಿಸಿಕೊಂಡನು. ಬಳಿಕ ಚಾಲುಕ್ಯರಾಜ್ಯವನ್ನು ಮತ್ತೆ ಕಟ್ಟಿದ ಒಂದನೆಯ ವಿಕ್ರಮಾದಿತ್ಯನ ಪೀಳಿಗೆಯಲ್ಲಿ ಬಾದಾಮಿಯ ಸಿಂಹಾಸನವೇರಿದವರು ವಿನಯಾದಿತ್ಯ, ವಿಜಯಾದಿತ್ಯ, ಇಮ್ಮಡಿ ವಿಕ್ರಮಾದಿತ್ಯ ಮತ್ತು ಇಮ್ಮಡಿ ಕೀರ್ತಿವರ್ಮ. ಎಂಟನೆಯ ಶತಮಾನದ ನಡುವೆ ರಾಷ್ಟ್ರಕೂಟ ದಂತಿದುರ್ಗನ ಏಳಿಗೆಯೊಂದಿಗೆ ಈ ಶಾಖೆಯ ಪ್ರಭುತ್ವ ಕೊನೆಗೊಂಡಿತು. ಹತ್ತನೆಯ ಶತಮಾನದ ಕೊನೆಯಲ್ಲಿ ತಲೆಯೆತ್ತಿದ ಕಲ್ಯಾಣದ ಚಾಲುಕ್ಯರು ತಮ್ಮನ್ನು ಬಾದಾಮಿಯವರ ವಂಶಜರೆಂದು ಹೇಳಿಕೊಂಡರೂ, ಅವರಲ್ಲಿ ಪುಲಕೇಶಿ ಎಂಬ ಹೆಸರಿನ ಅರಸನಿಲ್ಲ. 'ವಿಕ್ರಮಾದಿತ್ಯ' ಎಂಬ ಹೆಸರು ಮಾತ್ರ ಆರನೆಯ ವಿಕ್ರಮಾದಿತ್ಯನವರೆಗೂ ಮುಂದುವರಿಯಿತು.

ಮರುಬಳಕೆ

ಹೆಸರನ್ನು ಇಷ್ಟು ಕಾಲ ಕಾಪಾಡಿದ್ದು ಕಲ್ಲು ಮತ್ತು ತಾಮ್ರಪಟಗಳು. ಇವುಗಳಲ್ಲಿ ಮುಖ್ಯವಾದುದು ಬಾಗಲಕೋಟೆ ಜಿಲ್ಲೆಯ ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲಿರುವ ಶಾಸನ. ಶಕವರ್ಷ 556ಕ್ಕೆ (ಕ್ರಿ.ಶ. 634–35) ಸೇರಿದ ಈ ಶಾಸನವನ್ನು ರಚಿಸಿದವನು ಜೈನಕವಿ ರವಿಕೀರ್ತಿ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ಲೀಟ್ ಇದನ್ನು ಓದಿ ಪ್ರಕಟಿಸಿದರು. ಅನಂತರ ಕೀಲ್‌ಹಾರ್ನ್ ಅದನ್ನು ಮತ್ತೆ ಸಂಪಾದಿಸಿದರು. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳ ವಿವರ ವಿದ್ವತ್‌ಲೋಕಕ್ಕೆ ದೊರೆತದ್ದು ಮುಖ್ಯವಾಗಿ ಈ ಶಾಸನದಿಂದ.

1917ರಲ್ಲಿ ಪ್ರಕಟವಾದ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ'ವು ಕನ್ನಡನಾಡಿನ ಪ್ರಾಚೀನ ರಾಜವಂಶಗಳ ಬಗ್ಗೆ ಜನರಲ್ಲಿ ಅಭಿಮಾನವನ್ನು ಮೂಡಿಸಿತು. ಏಕೀಕರಣದ ಆಶಯದೊಂದಿಗೆ ಮಯೂರ, ನೃಪತುಂಗ, ವಿಷ್ಣುವರ್ಧನ ಮೊದಲಾದವರ ಜೊತೆಗೆ ಪುಲಕೇಶಿಯೂ ಕನ್ನಡಿಗರ ಹೆಮ್ಮೆಯ ಸಂಕೇತವಾದನು. ಅಜಂತಾದ ಒಂದನೆಯ ಗುಹೆಯ ಒಂದು ಚಿತ್ರದಲ್ಲಿ ಪುಲಕೇಶಿಯು ಪರ್ಷಿಯಾದ ರಾಯಭಾರಿಯನ್ನು ಬರಮಾಡಿಕೊಳ್ಳುತ್ತಿದ್ದಾನೆಂಬ ಹಳೆಯ ಅಭಿಪ್ರಾಯವೂ ಅವನ ಖ್ಯಾತಿಯನ್ನು ಹೆಚ್ಚಿಸಿತು. ಆ ಗುಹೆ ಅವನ ಕಾಲಕ್ಕಿಂತ ಹಿಂದಿನದೆಂದು ಹೇಳುವ ಸಂಶೋಧಕರು ಈ ಗುರುತಿಸುವಿಕೆಯನ್ನು ಒಪ್ಪುವುದಿಲ್ಲ.

ಜನಪ್ರಿಯತೆ

ಶಾಲೆಯ ಇತಿಹಾಸಪಾಠದ ಮೂಲಕ ಕರ್ನಾಟಕದ ಬಹುತೇಕ ಮಕ್ಕಳಿಗೆ ಪರಿಚಿತವಾದ ಹೆಸರಾದರೂ, ಮಕ್ಕಳಿಗೆ ಇದನ್ನು ಇಡುವುದು ವಿರಳ. ಕನ್ನಡಿಗರಲ್ಲಿ ನಾಮಕರಣದ ವೇಳೆ ಮನೆದೇವರ ಹೆಸರು, ಹಿರಿಯರ ಹೆಸರು ಮತ್ತು ಜನ್ಮನಕ್ಷತ್ರದ ಅಕ್ಷರಗಳಿಗೆ ಪ್ರಾಶಸ್ತ್ಯ ಹೆಚ್ಚು. ಪುಲಕೇಶಿ ಎಂಬುದು ದೇವರ ಹೆಸರಲ್ಲ. ನಡುವೆ ಬಳಕೆ ತಪ್ಪಿದ್ದರಿಂದ ಹಿರಿಯರ ಹೆಸರಾಗಿಯೂ ಬರುವುದು ಅಪರೂಪ. ನಕ್ಷತ್ರದ ಅಕ್ಷರವನ್ನು ನೋಡುವವರಿಗೆ 'ಪು' ಹಸ್ತಾ ನಕ್ಷತ್ರದ ಮೊದಲನೆಯ ಪಾದದ ಅಕ್ಷರ. ಹೀಗಾಗಿ ಈ ಹೆಸರನ್ನು ಇಡುವವರು ಬಹುಮಟ್ಟಿಗೆ ನಾಡಿನ ಇತಿಹಾಸದ ಮೇಲಿನ ಅಭಿಮಾನದಿಂದ ಅದನ್ನು ಆರಿಸಿಕೊಂಡವರು.

ಸ್ಥಳನಾಮ ಮತ್ತು ಚಲನಚಿತ್ರಗಳಲ್ಲಿ

ಬೆಂಗಳೂರಿನ ದಂಡುಪ್ರದೇಶದಲ್ಲಿ ಸ್ಟುವರ್ಟ್ ಫ್ರೇಜರ್ ಅವರ ಹೆಸರಿನಲ್ಲಿ ರೂಪುಗೊಂಡ ಫ್ರೇಜರ್ ಟೌನ್ ಬಡಾವಣೆಗೆ ಮುಂದೆ 'ಪುಲಕೇಶಿನಗರ' ಎಂದು ಮರುನಾಮಕರಣ ಮಾಡಲಾಯಿತು. ಹಳೆಯ ಹೆಸರೂ ಜನರ ಮಾತಿನಲ್ಲಿ ಉಳಿದಿದೆ. ಪುಲಕೇಶಿನಗರವು 2008ರಿಂದ ವಿಧಾನಸಭಾ ಕ್ಷೇತ್ರವೂ ಆಗಿದೆ. ರಾಜ್‌ಕುಮಾರ್ ಅವರು ನಾಯಕನ ಪಾತ್ರ ವಹಿಸಿದ 'ಇಮ್ಮಡಿ ಪುಲಿಕೇಶಿ' ಚಲನಚಿತ್ರ 1967ರಲ್ಲಿ ತೆರೆಕಂಡಿತು.

ತಮಿಳುನಾಡಿನಲ್ಲಿ ಈ ಹೆಸರಿನ ನೆನಪು ಬೇರೆ ಬಗೆಯದು. ಕಲ್ಕಿ ಅವರ 'ಶಿವಕಾಮಿಯಿನ್ ಶಪಥಂ' ಕಾದಂಬರಿಯಲ್ಲಿ ಪುಲಿಕೇಸಿಯು ಕಂಚಿಯ ಮೇಲೆ ದಂಡೆತ್ತಿ ಬರುವ ಶತ್ರುರಾಜ. ವಡಿವೇಲು ನಟಿಸಿದ 2006ರ 'ಇಂಸೈ ಅರಸನ್ 23ಆಂ ಪುಲಿಕೇಸಿ' ಎಂಬ ಹಾಸ್ಯಚಿತ್ರದಲ್ಲಿ ಅದು ಕಲ್ಪಿತನಾದ ಒಬ್ಬ ಹೇಡಿ ಅರಸನ ಹೆಸರು. ಒಂದೇ ಹೆಸರು ಕನ್ನಡದಲ್ಲಿ ಗೆಲುವನ್ನೂ ನೆರೆಯ ಭಾಷೆಯಲ್ಲಿ ದಾಳಿಯನ್ನೋ ನಗೆಯನ್ನೋ ನೆನಪಿಸುತ್ತದೆ.