ಬಳ್ಳಾರಿಗೆ ಬಂದ ಇಂಗ್ಲಿಷ್ ಮೇಷ್ಟ್ರು ಮೊದಲು ಕನ್ನಡ ಕಲಿತರು

ಜೂನ್ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ರಸ್ತೆಗಳ ತುಂಬ ಹಳದಿ ಬಣ್ಣದ ಶಾಲಾ ವ್ಯಾನುಗಳು. ಟೈ ಕಟ್ಟಿಕೊಂಡ ಮಕ್ಕಳು ಹೊಲದ ದಾರಿಯಲ್ಲಿ ವ್ಯಾನಿಗೆ ಕಾಯುತ್ತಾ ನಿಂತಿರುತ್ತಾರೆ. ಸುದ್ದಿಗೆಂದು ಒಂದು ಹಳ್ಳಿಗೆ ಹೋಗಿದ್ದಾಗ ತಾಯಿಯೊಬ್ಬರು ಮಗನ ಇಂಗ್ಲಿಷ್ ಪುಸ್ತಕವನ್ನು ನಮ್ಮ ಕೈಗಿಟ್ಟರು. ಹುಡುಗ ಒಂದೇ ಉಸಿರಿಗೆ ಅರ್ಧ ಪುಟ ಓದಿದ. ಏನು ಓದಿದೆಯಪ್ಪಾ ಅಂದರೆ ನೆಲ ನೋಡಿದ.

"ಓದೋದು ಓದ್ತಾನ್ರಿ ಅಣ್ಣಾ, ಏನಂತ ಕೇಳಿದ್ರ ಸುಮ್ಮನ ನಿಂದರ್ತಾನ" ಅಂದರು ತಾಯಿ.

ನಮಗೆ ನಗು ಬರಲಿಲ್ಲ. ನಾವೂ ಹಾಗೇ ಓದಿದವರು. ಹತ್ತನೇ ತರಗತಿವರೆಗೆ ಇಂಗ್ಲಿಷ್ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ಪಾಸಾದವರು. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಬಂದ ಮೇಲೂ ಇಂಗ್ಲಿಷಿನಲ್ಲಿ ಬಂದ ಸರ್ಕಾರಿ ಆದೇಶ ಕಂಡರೆ ಎದೆ ಡವಡವ ಅನ್ನುತ್ತಿತ್ತು. ಆ ಹುಡುಗನನ್ನು ನೋಡಿದ ಮೇಲೆ ನಮ್ಮಲ್ಲೊಂದು ಪ್ರಶ್ನೆ ಎದ್ದಿತು. ಹೊರದೇಶದಿಂದ ನಮ್ಮ ಕಡೆಗೆ ಬಂದು ಶಾಲೆ ತೆರೆದವರು ಇಲ್ಲಿ ಹೇಗೆ ನೆಲೆಯೂರಿದರು? ಅವರು ಬಂದಾಗ ಇಲ್ಲಿನ ಮಕ್ಕಳು ಹೇಗೆ ಓದುತ್ತಿದ್ದರು?

ನಿಘಂಟು ಇಲ್ಲದ ಊರಿಗೆ

1800ರಲ್ಲಿ ಹೈದರಾಬಾದ್ ನಿಜಾಮರು ನಮ್ಮ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಮೊದಲ ಮುಖ್ಯ ಕಲೆಕ್ಟರ್ ಆಗಿ ಬಂದರು. ಹತ್ತು ವರ್ಷ ಕಳೆದ ಮೇಲೆ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಇಳಿದರು. ಅವರು ಬಂದದ್ದು ಧರ್ಮಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಕೆಲಸದ ಜೊತೆಗೇ ಶಾಲೆಗಳನ್ನೂ ತೆರೆದರು.

ಆಗಿನ ಪ್ರಯಾಣ ಎಂಥದ್ದೆಂದು ನೆನೆಸಿಕೊಳ್ಳಿ. ಸೂಯೆಜ್ ಕಾಲುವೆ ಆದದ್ದು 1869ರಲ್ಲಿ. ಅದಕ್ಕೂ ಮೊದಲು ಆಫ್ರಿಕಾದ ತುದಿ ಸುತ್ತಿ, ತಿಂಗಳುಗಟ್ಟಲೆ ಹಡಗಿನಲ್ಲಿ ಕೂತು ಬರಬೇಕು. ರೈಲು ಇಲ್ಲ, ತಂತಿ ಇಲ್ಲ. ಮನೆಗೆ ಬರೆದ ಪತ್ರಕ್ಕೆ ಉತ್ತರ ಬರಲು ವರ್ಷವೇ ಹಿಡಿಯುತ್ತಿತ್ತು.

ಅದಕ್ಕಿಂತ ದೊಡ್ಡ ತೊಡಕು ಭಾಷೆಯದು. ಹ್ಯಾಂಡ್ಸ್ ಬಂದಾಗ ಇಂಗ್ಲಿಷ್ ಬಲ್ಲವರು ಕನ್ನಡ ಕಲಿಯಲು ಅಚ್ಚಾದ ಒಂದು ವ್ಯಾಕರಣವೂ ಇರಲಿಲ್ಲ, ನಿಘಂಟೂ ಇರಲಿಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಕೇಶಿರಾಜನ ಶಬ್ದಮಣಿದರ್ಪಣ ತಾಳೆಗರಿಯಲ್ಲಿ ಇತ್ತು ನಿಜ, ಆದರೆ ಅದನ್ನು ಓದಲು ಮೊದಲು ಕನ್ನಡ ಬರಬೇಕು. ಹಾಗಾಗಿ ಕಲಿಸಲು ಬಂದವರು ಕಲಿಯಲು ಕೂರಬೇಕಾಯಿತು. ಊರಿನವರ ಬಾಯಿಂದ ಒಂದೊಂದೇ ಮಾತು ಕೇಳಿ, ಬರೆದಿಟ್ಟುಕೊಂಡು, ತಪ್ಪು ಆಡಿ, ನಗಿಸಿಕೊಂಡು ಕಲಿಯದೆ ಬೇರೆ ದಾರಿಯೇ ಇರಲಿಲ್ಲ.

ಕನ್ನಡಕ್ಕೆ ಬೈಬಲ್ ಅನುವಾದಿಸುವ ಕೆಲಸ ಹ್ಯಾಂಡ್ಸ್ ಅವರಿಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಡಿಯಿತು. 1816ರಲ್ಲಿ ಅವರ ಜೊತೆಗೂಡಿದ ವಿಲಿಯಂ ರೀವ್ ನಿಘಂಟಿಗೆ ಕೈಹಾಕಿದರು. ಇಂಗ್ಲಿಷ್‌ನಿಂದ ಕನ್ನಡಕ್ಕೆ 1824ರಲ್ಲಿ, ಕನ್ನಡದಿಂದ ಇಂಗ್ಲಿಷ್‌ಗೆ 1832ರಲ್ಲಿ, ಎರಡು ನಿಘಂಟುಗಳು ಹೊರಬಂದವು. ಎಲ್ಲರಿಗೂ ಗೊತ್ತಿರುವ ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ ಅರವತ್ತು ವರ್ಷ ಮೊದಲೇ ಬಳ್ಳಾರಿ ಸೀಮೆಯಲ್ಲಿ ನೆಲೆಸಿದ್ದ ಒಬ್ಬರು ಈ ಕೆಲಸ ಮಾಡಿ ಮುಗಿಸಿದ್ದರು.

533 ಶಾಲೆ, ಇಂಗ್ಲಿಷಿನದು ಒಂದು

ಇವರು ಬಂದಾಗ ನಮ್ಮವರು ಓದುಬರಹ ಇಲ್ಲದೆ ಕೂತಿದ್ದರೇ? ಇಲ್ಲ. ಅದಕ್ಕೆ ಲೆಕ್ಕವೇ ಇದೆ.

1822ರ ಹೊತ್ತಿಗೆ ಮನ್ರೋ ಮದ್ರಾಸಿನ ಗವರ್ನರ್ ಆಗಿದ್ದರು. ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೊಡಿ ಎಂದು ಕಲೆಕ್ಟರುಗಳಿಗೆ ಆದೇಶ ಕಳಿಸಿದರು. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ವರದಿ ಕೊಟ್ಟರು. ಆಗ ಅನಂತಪುರವೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಓದುವ ಮಕ್ಕಳು 6,641. ಕನ್ನಡ ಶಾಲೆ 235, ತೆಲುಗು 226, ಮರಾಠಿ 23, ಪಾರ್ಸಿ 21, ತಮಿಳು 4. ಬ್ರಾಹ್ಮಣರಷ್ಟೇ ಓದುವ ಸಂಸ್ಕೃತ ಪಾಠದ ಕಡೆ 23. ಇಂಗ್ಲಿಷಿನದು ಒಂದೇ ಒಂದು.

ಶೂದ್ರ ಎಂದು ಬರೆಸಿದ ಹುಡುಗರು 2,998, ಬ್ರಾಹ್ಮಣ ಹುಡುಗರು 1,185. ಹೆಣ್ಣುಮಕ್ಕಳು ಇಡೀ ಜಿಲ್ಲೆಗೆ 60 ಮಾತ್ರ. ಹಳೇ ಕಾಲವೆಲ್ಲ ಬಂಗಾರ ಅನ್ನುವವರು ಈ ಕೊನೆಯ ಅಂಕಿಯನ್ನೂ ನೋಡಬೇಕು.

ಹಿರಿಯರು ಕೂಲಿಮಠ ಅನ್ನುತ್ತಾರಲ್ಲ, ಐಗಳು ಪಾಠ ಹೇಳುವ ಆ ಶಾಲೆಗಳ ಚಿತ್ರವೂ ವರದಿಯಲ್ಲಿದೆ. ಬೆಳಗ್ಗೆ ಆರಕ್ಕೆ ಶಾಲೆ ಶುರು. ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿ ಎಂದು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೇ ತಡವಾದಷ್ಟೂ ಏಟು ಏರುತ್ತಿತ್ತು. ಅಕ್ಷರ ತಿದ್ದುವುದು ಮರಳಿನ ಮೇಲೆ, ಆಮೇಲೆ ಇದ್ದಿಲು ಬಳಿದ ಹಲಗೆ ಮತ್ತು ಕಡತದ ಮೇಲೆ ಬಳಪದಿಂದ. ಇವತ್ತು ತಾಲ್ಲೂಕು ಕಚೇರಿಯಲ್ಲಿ ಕಡತ ಅಂದರೆ ಫೈಲು. ಆಗ ಅದು ಗಂಜಿ ಹಾಕಿ, ಮಡಿಕೆ ಮಾಡಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆಯ ಪುಸ್ತಕ.

ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಿದ್ದರು. ಇದು ಕ್ಯಾಂಪ್‌ಬೆಲ್ ಅವರಿಗೆ ತುಂಬ ಹಿಡಿಸಿತು. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಬರೆದರು. ಆ ಮಾತಿನ ಹಿಂದೆ ಇನ್ನೊಬ್ಬ ಪರದೇಶಿ ಮೇಷ್ಟ್ರು ಇದ್ದಾರೆ. ಸ್ಕಾಟ್ಲೆಂಡಿನ ಆಂಡ್ರ್ಯೂ ಬೆಲ್ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದರು. ಸ್ಥಳೀಯ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ತಮ್ಮ ಶಾಲೆಯಲ್ಲೂ ಹಾಗೇ ಮಾಡಿ ಅಂದರು. ಅವರ ಮಾಸ್ತರರು ಅದಕ್ಕೆ ಒಗ್ಗಲಿಲ್ಲ. ಬೆಲ್ ಎಂಟು ವರ್ಷದ ಹುಡುಗನೊಬ್ಬನಿಗೆ ಆ ಕೆಲಸ ಒಪ್ಪಿಸಿದರು, ಅವನು ಕಲಿಸಿ ತೋರಿಸಿದ. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಪುಸ್ತಕ ಬರೆದರು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು.

ಆಗಲೂ ಗಿಳಿಪಾಠ

ಆದರೆ ಕ್ಯಾಂಪ್‌ಬೆಲ್ ಒಂದು ದೊಡ್ಡ ಕೊರತೆಯನ್ನೂ ಹೇಳಿದರು. ಮಕ್ಕಳು ಪದ್ಯಗಳನ್ನು ರಾಶಿ ರಾಶಿ ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಅರ್ಥ ಕೇಳಿದರೆ ಗಿಳಿಗೆ ತಿಳಿದಷ್ಟೇ ಇವರಿಗೂ ತಿಳಿದಿದೆ ಎಂದರು. ಪದ್ಯದ ಭಾಷೆ ಬೇರೆ, ಮನೆಯಲ್ಲಿ ಆಡುವ ಮಾತು ಬೇರೆ. ಎರಡರ ನಡುವೆ ಸೇತುವೆ ಇಲ್ಲ. ಅದೇ ಕಾರಣ ಎಂದರು.

ಇದನ್ನು ಓದಿದಾಗ ನಮಗೆ ಆ ಹುಡುಗ ನೆಲ ನೋಡಿದ್ದು ನೆನಪಾಯಿತು. ಇನ್ನೂರು ವರ್ಷ ಕಳೆದಿದೆ, ಪುಸ್ತಕ ಬದಲಾಗಿದೆ, ಗಿಳಿ ಬದಲಾಗಿಲ್ಲ.

ವರದಿಯಲ್ಲಿ ಇನ್ನೊಂದು ಮಾತಿದೆ. ಶಾಲೆಗಳು ಕ್ಷೀಣಿಸುತ್ತಿರುವುದಕ್ಕೆ ಜನರ ಬಡತನವೇ ಕಾರಣ, ವಿಲಾಯತಿ ಬಟ್ಟೆ ಬಂದು ನೇಕಾರರ ಕೈ ಬರಿದಾಗಿದೆ ಎಂದು ಕಂಪನಿಯ ಅಧಿಕಾರಿಯೇ ಬರೆದರು. ಮಗ್ಗ ನಿಂತ ಮನೆಯವರು ಐಗಳಿಗೆ ಎಲ್ಲಿಂದ ಕೊಟ್ಟಾರು? ಒಂದು ಕಡೆ ಕೂಲಿಮಠಗಳು ಸೊರಗಿದವು, ಇನ್ನೊಂದು ಕಡೆ ಇಂಗ್ಲಿಷ್ ನೌಕರಿಯ ಬಾಗಿಲಾಯಿತು. 1846ರಲ್ಲಿ ಬಳ್ಳಾರಿಯಲ್ಲಿ ಮಿಷನ್ನಿನ ವಾರ್ಡ್ಲಾ ಶಾಲೆ ಶುರುವಾಯಿತು. ಹಡಗಲಿ, ಹರಪನಹಳ್ಳಿಯ ಮಗುವಿಗೆ ಬಳ್ಳಾರಿ ಎಷ್ಟು ದೂರ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಗ್ಲಿಷ್ ಬೇಡ ಅನ್ನುವವರು ನಾವಲ್ಲ. ಅದು ಬರದೆ ನಾವು ಎಷ್ಟು ಬಾಗಿಲಲ್ಲಿ ಕಾದಿದ್ದೇವೆ ಎಂದು ನಮಗೆ ಗೊತ್ತು. 2019ರಲ್ಲಿ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದಾಗ ಖುಷಿಪಟ್ಟ ಅಪ್ಪಅಮ್ಮಂದಿರನ್ನು ಕಂಡಿದ್ದೇವೆ. ಆದರೆ ಹ್ಯಾಂಡ್ಸ್ ಮತ್ತು ರೀವ್ ಮಾಡಿದ್ದನ್ನು ನೋಡಿ. ಗೊತ್ತಿಲ್ಲದ ಭಾಷೆಗೆ ಅವರು ಗೊತ್ತಿದ್ದ ಭಾಷೆಯ ಮೆಟ್ಟಿಲು ಕಟ್ಟಿಕೊಂಡರು. ಒಂದು ಮಾತಿನ ಪಕ್ಕ ಇನ್ನೊಂದು ಮಾತು ಇಟ್ಟರು. ನಿಘಂಟು ಅಂದರೆ ಅಷ್ಟೇ. ನಮ್ಮ ಮಕ್ಕಳಿಗೆ ಆ ಮೆಟ್ಟಿಲನ್ನೇ ತೆಗೆದು, ಹಾರು ಅನ್ನುತ್ತಿದ್ದೇವೆ. ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳನ್ನೂ ನೋಡಿದ್ದೇವೆ.

ಆ ದಿನ ಹುಡುಗನ ಪುಸ್ತಕದಲ್ಲಿದ್ದದ್ದು ಮಳೆಯ ಪಾಠ. ನಾವು ಪಕ್ಕದಲ್ಲಿ ಕೂತು, ರೇನ್ ಅಂದ್ರ ಮಳಿ ಕಣಪ್ಪಾ ಅಂದೆವು. ಹುಡುಗ ತಲೆ ಎತ್ತಿದ. "ಮಳೀನಾ? ನಮ್ಮ ಹೊಲಕ್ಕ ಇನ್ನಾ ಬಂದಿಲ್ರಿ" ಅಂದ. ಆಮೇಲೆ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, ಮುಂದಿನ ಪದದ ಮೇಲೆ ಬೆರಳಿಟ್ಟು, ಇದು ಏನ್ರಿ ಅಂತ ಕೇಳಿದ.